ಸಾಮಿಲ್ಲಿನ ಬೇಸ್‌ಬಾಲು ಮತ್ತು ಭಾವನ ಎಡಗೈ

ಬ್ಯಾಟು ಭಾವನ ಕೈಯಿಂದ ಜಾರಿ ಹಾರಿದ್ದು ನನಗೆ ಕಾಣಲೇ ಇಲ್ಲ. ನಾನು ಚೆಂಡನ್ನು ನೋಡುತ್ತಿದ್ದೆ. ತಗಡು ಬಡಿದ ಸದ್ದಾಗಿ ತಿರುಗಿದಾಗ ಅದು ಸಾಹುಕಾರರ ಜೀಪಿನ ಬಾಗಿಲಿಗೆ ತಾಗಿ, ಅವರ ಕಾಲ ಬುಡದಲ್ಲಿ ಬಿದ್ದು ಇನ್ನೂ ಉರುಳುತ್ತಿತ್ತು. ಅವರು ಆಗಷ್ಟೇ ಜೀಪಿನಿಂದ ಇಳಿದಿದ್ದರು. ಒಂದು ಗೇಣು ಈಚೆ ಬಂದಿದ್ದರೆ ಮಂಡಿಚಿಪ್ಪು ಹೋಗುತ್ತಿತ್ತು.

ಸಾಮಿಲ್ಲಿನ ಹಿಂದಿನ ಬಯಲಿನಲ್ಲಿ ಆಡುತ್ತಿದ್ದವರೆಲ್ಲ ನಿಂತಲ್ಲೇ ನಿಂತೆವು. ಸಾಹುಕಾರರು ಬಗ್ಗಿ ಬ್ಯಾಟನ್ನು ಎತ್ತಿಕೊಂಡು ಕೈಯಲ್ಲಿ ತೂಗಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಭಾವನ ಎಡಗೈಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು.

"ಇಷ್ಟು ಸಣ್ಣ ಕೋಲು ನಿಲ್ಲೂದಿಲ್ಲ ಆ ಕೈಲಿ. ನಾಳೆ ಮತ್ತಿ ಮರದ ಹಲಗೆ ಹೆಂಗೆ ನಿಲ್ತದೆ?"

ಆ ನಾಳೆಗಾಗಿಯೇ ಭಾವ ಕಾದಿದ್ದ. ಹಿಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಲಾರಿಯಿಂದ ದಿಮ್ಮಿ ಇಳಿಸುವಾಗ ಒಂದು ಉರುಳಿ ಅವನ ಎಡಗೈಯ ಕಿರುಬೆರಳನ್ನೂ ಪಕ್ಕದ ಬೆರಳನ್ನೂ ಜಜ್ಜಿ ಹಾಕಿತ್ತು. ಆಸ್ಪತ್ರೆಯಲ್ಲಿ ಎರಡನ್ನೂ ತೆಗೆದರು. ಗಾಯ ಮಾಗಿದ ಮೇಲೆ ಸಾಹುಕಾರರು ಅವನನ್ನು ಗರಗಸದ ಹುಡಿ ಗುಡಿಸಿ ಗುಡ್ಡೆ ಹಾಕುವ ಕೆಲಸಕ್ಕೆ ಇಟ್ಟುಕೊಂಡಿದ್ದರು. ಗರಗಸದಿಂದ ಹೊರಬರುವ ಹಲಗೆಯನ್ನು ಹಿಡಿಯುವವನು ಪೊರಕೆ ಹಿಡಿದು ನಿಲ್ಲುವುದೆಂದರೆ ಏನೆಂದು ಸಾಮಿಲ್ಲಿನಲ್ಲಿ ದುಡಿದವರಿಗೆ ಗೊತ್ತು. ಭಾವ ಊಟ ಕಮ್ಮಿ ಮಾಡಿದ. ಬೇಸಿಗೆಯ ಹೊತ್ತಿಗೆ ಸಾಹುಕಾರರ ಮನಸ್ಸು ಕರಗಿ, ಬರುವ ಸೋಮವಾರದಿಂದ ಹಳೆಯ ಜಾಗಕ್ಕೇ ಬಾ ಎಂದಿದ್ದರು. ಬ್ಯಾಟು ಜಾರಿದ್ದು ಅದರ ಹಿಂದಿನ ದಿನ, ಭಾನುವಾರದ ಸಂಜೆ.

ಮಳೆ ಹಿಡಿದರೆ ಕಾಡಿನಿಂದ ನಾಟಾ ಬರುವುದು ನಿಲ್ಲುತ್ತದೆ, ಸಾಮಿಲ್ಲಿನಲ್ಲಿ ಆಳು ಕಡಿಮೆ ಮಾಡುತ್ತಾರೆ. ಮೊದಲು ಹೋಗುವುದು ಗುಡಿಸುವವರು. ಭಾವ ಹೋಗಬೇಕಾದರೆ ಹೊಸನಗರದ ಆಚೆ ಇದ್ದ ತನ್ನ ಅಣ್ಣನ ಮನೆಗೇ ಹೋಗಬೇಕು. ಅಲ್ಲಿ ಅವನಿಗೆ ಅನ್ನಕ್ಕೇನೂ ಕೊರತೆಯಿರಲಿಲ್ಲ, ಜಾಗ ಇರಲಿಲ್ಲ. ಜಗಳವಾಡಿ ಬಿಟ್ಟು ಬಂದ ಮನೆ ಅದು. ಇದ್ದ ಗದ್ದೆಯಲ್ಲಿ ಅರ್ಧ ಅಣೆಕಟ್ಟಿನ ಹಿನ್ನೀರಿಗೆ ಹೋಗಿತ್ತು. ಅಕ್ಕ ಆ ಹೊಸಿಲು ಮತ್ತೆ ತುಳಿಯುವುದಿಲ್ಲ ಎಂದು ನಮ್ಮ ಅವ್ವನ ಮುಂದೆ ಹೇಳಿಬಿಟ್ಟಿದ್ದಳು.

ಹಾಗಾಗಿ ಸಾಹುಕಾರರು ಬ್ಯಾಟನ್ನು ಜೀಪಿಗೆ ಒರಗಿಸಿ ಆಫೀಸಿನ ಕಡೆ ತಿರುಗಿದಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಭಾವನಿಗೆ ಬ್ಯಾಟು ಹಿಡಿಯಲು ಕಲಿಸಿದವನು ನಾನು, ನಾನು ಕಲಿಸಿದ ಕೆಲಸ ಕೆಟ್ಟಿದೆ ಎಂದು ಯಾರಾದರೂ ಅಂದರೆ ಇವತ್ತಿಗೂ ತಡೆಯುವುದಿಲ್ಲ.

"ಸಾಹುಕಾರ್ರೆ, ಮುಂದಿನ ತಿಂಗಳು ತೀರ್ಥಳ್ಳೀಲಿ ನಮ್ ಆಟ ಉಂಟು. ನೀವು ಬಂದು ನೋಡಿ. ಭಾವನ ಕೈಯಿಂದ ಬ್ಯಾಟು ಒಂದೇ ಒಂದ್ಸಲ ಜಾರಿದ್ರೂ ನಾನು ಮತ್ತೆ ಬಾಯಿ ತೆಗೆಯೂದಿಲ್ಲ. ಜಾರದಿದ್ರೆ ಅವನ ಹಳೇ ಜಾಗ ಅವನಿಗೆ ಕೊಡಿ."

ಸಾಹುಕಾರರ ಊರು ತೀರ್ಥಹಳ್ಳಿ ಹತ್ತಿರದ ಮೇಳಿಗೆ. ಅಲ್ಲಿ ತೋಟ ನೋಡಲು ತಿಂಗಳಿಗೊಮ್ಮೆ ಹೋಗುತ್ತಿದ್ದರು. "ಆಯ್ತು. ನೋಡ್ತೇನೆ. ಅಲ್ಲೀವರೆಗೆ ಪೊರಕೇನೇ ಇರ್ಲಿ," ಎಂದರು.

ಭಾವ ಬ್ಯಾಟು ತರಲು ಹೋಗಲಿಲ್ಲ. ನೆಟ್ಟಗೆ ಮನೆ ಕಡೆ ನಡೆದ.

ಈ ಬೇಸ್‌ಬಾಲು ನಮ್ಮ ಸಾಗರಕ್ಕೆ ಬಂದ ಬಗೆ ಹೇಳಿಬಿಡುತ್ತೇನೆ. ಅರವತ್ತರ ದಶಕದ ನಡುವಿನ ಒಂದು ವರ್ಷ ಅಮೆರಿಕದಿಂದ ಒಬ್ಬ ಹುಡುಗ ಮೇಷ್ಟ್ರು ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದಿದ್ದ. ಆರಡಿಗಿಂತ ಎತ್ತರ, ತುಂಬ ಕೆಂಪು, ಪುಸ್ತಕದ ಕನ್ನಡ. ಒಂದು ದಿನ ಎರಡು ತುಂಡಾದ ಬ್ಯಾಟು ಹಿಡಿದು ಸಾಮಿಲ್ಲಿಗೆ ಬಂದು, "ದಯವಿಟ್ಟು ಇದರ ತಮ್ಮನನ್ನು ಮಾಡಿಕೊಡಿ" ಎಂದ. ಎಲ್ಲರೂ ನಕ್ಕರು. ನಾನು ಮಾತ್ರ ತುಂಡುಗಳನ್ನು ತಿರುಗಿಸಿ ನೋಡಿದೆ. ನಮ್ಮಲ್ಲಿ ಕೊಡಲಿ ಕಾವಿಗೆ ತಡಸಲು ಮರ ಹಾಕುತ್ತಾರೆ. ಏಟಿಗೆ ಬಾಗುತ್ತದೆ, ಸೀಳುವುದಿಲ್ಲ. ಒಣಗಿದ ತಡಸಲಿನಲ್ಲಿ ಕಡೆದು ಕೊಟ್ಟೆ. ಅವನು ಅದನ್ನು ಬೀಸಿ ನೋಡಿ, ಸಂಜೆ ಆಟಕ್ಕೆ ಬನ್ನಿ ಎಂದ. ಹೋದವನು ಆಮೇಲೆ ಆಟ ಬಿಡಲಿಲ್ಲ. ನನ್ನ ಹಿಂದೆ ಸಾಮಿಲ್ಲಿನ ಅರ್ಧ ಜನ ಬಂದರು.

ನಮಗೆ ಆಟ ಹಿಡಿಯುವಷ್ಟರಲ್ಲಿ ಮೇಷ್ಟ್ರಿಗೆ ಕಾಮಾಲೆ ಹಿಡಿಯಿತು. ಕೋಣೆಯಲ್ಲಿ ಮಲಗಿ ನೆಲನೆಲ್ಲಿ ಕಷಾಯ ಕುಡಿಯುತ್ತ, ತೀರ್ಥಹಳ್ಳಿಯಲ್ಲಿದ್ದ ತನ್ನ ಗೆಳೆಯ ಮೇಷ್ಟ್ರ ತಂಡದ ಜೊತೆ ಆಟ ಗೊತ್ತಾಗಿಬಿಟ್ಟಿದೆ, ಬ್ಯಾಟಿಂಗ್ ಕಲಿಸುವುದು ನಿನ್ನ ಜವಾಬ್ದಾರಿ ಎಂದು ನನಗೆ ಹೇಳಿದ. ನಾನು ದಿನಾ ಬೆಳಿಗ್ಗೆ ಅವನ ಕೋಣೆಗೆ ಹೋಗಿ ಕೇಳಿಕೊಂಡು ಬಂದು, ಸಂಜೆ ನಮ್ಮವರಿಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ.

ಹೇಳುವುದು ಬಹಳ ಇರಲಿಲ್ಲ, ಮಾಡಿಸುವುದು ಬಹಳ ಇತ್ತು. ಕಾಲು ಹೆಗಲಿನಷ್ಟು ಅಗಲ. ಭಾರ ಹಿಂದಿನ ಕಾಲಿನ ಮೇಲೆ. ಚೆಂಡು ಎಸೆಯುವವನ ಕೈಯಿಂದ ಬಿಡುವಾಗಲೇ ಕಣ್ಣು ಅದಕ್ಕೆ ಅಂಟಬೇಕು. ಮೊದಲು ಸೊಂಟ ತಿರುಗಬೇಕು, ಕೈ ಅದರ ಹಿಂದೆ ಬರಬೇಕು. ಇದನ್ನು ಹೇಳಿಕೊಡಲು ನಾನು ಜನರನ್ನು ಎರಡು ಪಾಲು ಮಾಡಿದೆ: ಮರ ಕಡಿಯುವವರು ಮತ್ತು ಸೌದೆ ಒಡೆಯುವವರು. ಮರದ ಬುಡಕ್ಕೆ ಕೊಡಲಿ ಹಾಕುವವನ ಬೀಸು ಅಡ್ಡಕ್ಕೆ ಬರುತ್ತದೆ, ಸೊಂಟದಿಂದ ಬರುತ್ತದೆ. ಅವನಿಗೆ ಎರಡು ದಿನ ಸಾಕು. ಸೌದೆ ಒಡೆಯುವವನು ಮೇಲಿನಿಂದ ಕೆಳಗೆ ಹೊಡೆಯುತ್ತಾನೆ. ಚೆಂಡನ್ನು ನೆಲಕ್ಕೆ ಹುಗಿಯುತ್ತೀರೇನು ಎಂದು ನಾನು ಬೈದು ಬೈದು ಗಂಟಲು ಕಟ್ಟಿಕೊಂಡೆ. ಎಲ್ಲಕ್ಕಿಂತ ಕಷ್ಟ ಬಿಡುವುದನ್ನು ಕಲಿಸುವುದು. ಅಡ್ಡಾದಿಡ್ಡಿ ಬರುವ ಚೆಂಡನ್ನು ಹೊಡೆಯದೆ ಬಿಡಬೇಕು. ದುಡಿಯುವವನಿಗೆ ಕೈಗೆ ಬಂದದ್ದನ್ನು ಬಿಡುವುದೆಂದರೆ ಸೋಮಾರಿತನ ಅನ್ನಿಸುತ್ತದೆ.

ಇನ್ನೊಂದು ಪೀಡೆಯಿತ್ತು. ಅದು ಮೇಷ್ಟ್ರಿಗೆ ಅರ್ಥವೇ ಆಗಲಿಲ್ಲ. ನಾವೆಲ್ಲ ಚಿಕ್ಕಂದಿನಿಂದ ಚಿನ್ನಿದಾಂಡು ಆಡಿದವರು. ಚಿನ್ನಿ ಹೊಡೆದ ಮೇಲೆ ದಾಂಡನ್ನು ಕುಳಿಯ ಮೇಲೆ ಅಡ್ಡ ಇಟ್ಟು ನಿಲ್ಲಬೇಕು. ಎದುರಾಳಿ ಚಿನ್ನಿ ಬಿದ್ದಲ್ಲಿಂದಲೇ ಅದನ್ನು ಎಸೆದು ದಾಂಡಿಗೆ ತಾಗಿಸಿದರೆ ಔಟು. ಬೇಸ್‌ಬಾಲಿನಲ್ಲಿ ಹೊಡೆದ ಕೂಡಲೇ ಬ್ಯಾಟನ್ನು ಬಿಸಾಡಿ ಮೊದಲನೇ ಮನೆಗೆ ಓಡಬೇಕು. ಓಡುವವನು ಮುಟ್ಟಬೇಕಾದ 'ಬೇಸ್' ಎನ್ನುವುದಕ್ಕೆ ನಾವು ಮನೆ ಎನ್ನುತ್ತಿದ್ದೆವು. ಚೆಂಡು ಅಲ್ಲಿಗೆ ಮೊದಲು ತಲುಪಿದರೆ ಔಟು. ನಮ್ಮವರು ಚೆನ್ನಾಗಿ ಹೊಡೆದು, ಬಗ್ಗಿ, ಬ್ಯಾಟನ್ನು ಕಾಲ ಬುಡದಲ್ಲಿ ಗುರುತಿಗೆ ಹಾಕಿದ್ದ ಹಲಗೆಯ ಮೇಲೆ ನೀಟಾಗಿ ಅಡ್ಡ ಇಟ್ಟು ಕಾಯುತ್ತ ನಿಲ್ಲುತ್ತಿದ್ದರು. ಬಿಸಾಡಿ ಓಡಿ ಎಂದು ಕೂಗಿ ಕೂಗಿ ಆ ಚಟ ಬಿಡಿಸಿದೆ. ಎಲ್ಲರಿಗಿಂತ ತಡವಾಗಿ ಬಿಟ್ಟವನು ಭಾವ. ಹೊಸನಗರದ ಕಡೆ ಚಿನ್ನಿದಾಂಡಿನಲ್ಲಿ ಅವನಿಗೆ ಹೆಸರಿತ್ತು.

ಜೀಪಿಗೆ ಬ್ಯಾಟು ಬಡಿದ ಮರುದಿನ ಬೆಳಿಗ್ಗೆ ಮೇಷ್ಟ್ರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವನು ದಿಂಬಿಗೆ ಒರಗಿಕೊಂಡು ನನ್ನ ಕೈಗೆ ಒಂದು ಕೋಲು ಕೊಟ್ಟು ಹಿಡಿಸಿದ. ಬಲಗೈಯವನು ಹಿಡಿದರೆ ಎಡಗೈ ಕೆಳಗೆ, ಬಲಗೈ ಮೇಲೆ. ಬ್ಯಾಟು ಜಾರದಂತೆ ತಡೆಯುವುದು ಕೆಳಗಿನ ಕೈಯ ಕಡೆಯ ಎರಡು ಬೆರಳು. ಅವೇ ಭಾವನಿಗೆ ಇಲ್ಲ. "ಅವರನ್ನು ಆ ಕಡೆಗೆ ನಿಲ್ಲಿಸಿ," ಎಂದ. ಎಡಗೈಯವರು ನಿಲ್ಲುವ ಪಕ್ಕ ನಿಂತರೆ ಬಲಗೈ ಕೆಳಗೆ ಬರುತ್ತದೆ, ಎಡಗೈ ಮೇಲೆ ಹೋಗುತ್ತದೆ. ಮೇಲಿನ ಕೈ ದಾರಿ ತೋರಿಸಿದರೆ ಸಾಕು.

ಇದನ್ನು ಭಾವನಿಗೆ ಹೇಳುವುದು ಸುಲಭವಿರಲಿಲ್ಲ. ಅವನು ನನಗಿಂತ ದೊಡ್ಡವನು. ಅಕ್ಕನನ್ನು ಮದುವೆಯಾಗುವ ಮೊದಲೇ ಗೆಳೆಯನಾಗಿದ್ದರಿಂದ ನಮ್ಮ ನಡುವೆ ನೀನು ಎಂದೇ ಮಾತು. ಆದರೂ ದೊಡ್ಡವನು ದೊಡ್ಡವನೇ. ಸಂಜೆ ಅವನ ಮನೆಯ ಜಗುಲಿಯಲ್ಲಿ ಕೂತು ಹೇಳಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತಿದ್ದವನು ನಿಲ್ಲಿಸಿದ.

"ನಿನಗೆ ಸಾಹುಕಾರ್ರ ಮುಂದೆ ದೊಡ್ಡಸ್ತಿಕೆ ಬೇಕಿತ್ತು. ನಿನ್ನ ಮಾತಿಗೆ ನನ್ನ ಕೈ ಅಡ ಇಟ್ಟೆ. ಈಗ ಎಡಚನ ಹಂಗೆ ನಿಂತು ಕುಣಿ ಅಂತೀಯ."

"ಕುಣಿ ಅನ್ಲಿಲ್ಲ ಭಾವ. ನಿಲ್ಲು ಅಂದೆ."

"ಹುಟ್ಟಿದಾಗಿಂದ ಹೊಡೆದ ಕೈ ಇದು ಮಾರಾಯ. ಈ ವಯಸ್ಸಲ್ಲಿ ಪಕ್ಕ ಬದಲು ಮಾಡಿದ್ರೆ ಕೈಲಾಗೂದಿಲ್ಲ ಅಂತ ನಾನೇ ಡಂಗುರ ಹೊಡೆದಂಗೆ."

ಒಳಗಿನಿಂದ ಅಕ್ಕ ಬಂದಳು. ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಂಡಿದ್ದಳು. ನನ್ನ ಕಡೆ ತಿರುಗಿ, "ನೀನು ಹೋಗು. ನಾಳೆ ಬರ್ತಾರೆ," ಎಂದಳು. ಅವಳು ಗಂಡನಿಗೆ ಏನಂದಳೋ ನನಗೆ ಗೊತ್ತಿಲ್ಲ. ಮರುದಿನ ಭಾವ ಬಂದ. ನನ್ನ ಮುಖ ನೋಡದೆ ಆ ಕಡೆಯ ಪಕ್ಕದಲ್ಲಿ ಹೋಗಿ ನಿಂತ.

ಮೊದಲ ವಾರ ಅವನಿಗೆ ಚೆಂಡು ಕಾಣುತ್ತಲೇ ಇರಲಿಲ್ಲ. ಅಷ್ಟು ದಿನ ಎಡಗಣ್ಣಿನ ಕಡೆಯಿಂದ ಬರುತ್ತಿದ್ದ ಚೆಂಡು ಈಗ ಬಲಗಣ್ಣಿನ ಕಡೆಯಿಂದ ಬರುತ್ತಿತ್ತು. ಮೈ ತಿರುಗಬೇಕಾದಲ್ಲಿ ತಿರುಗದೆ, ಬೀಸಿದ ರಭಸಕ್ಕೆ ತಾನೇ ಮಗುಚುತ್ತಿದ್ದ. ಎಸೆಯುವವನಿಗೆ ಮೆತ್ತಗೆ ಎಸಿ ಎಂದರೆ ಭಾವನಿಗೆ ಸಿಟ್ಟು, ಜೋರಾಗಿ ಎಸಿ ಎಂದರೆ ನನಗೆ ಹೆದರಿಕೆ. ಒಂದು ಚೆಂಡು ಪಕ್ಕೆಗೆ ಬಡಿದು ಉಸಿರು ಕಟ್ಟಿ ಕೂತ. ನಾನು ಹತ್ತಿರ ಹೋದರೆ ಕೈ ಅಡ್ಡ ಮಾಡಿದ. ಆಮೇಲೆ ನಾನು ಮಾತು ಕಡಿಮೆ ಮಾಡಿ, ಒಂದು ಹಗ್ಗಕ್ಕೆ ಚಿಂದಿ ಉಂಡೆ ಕಟ್ಟಿ ಹುಣಸೆ ಕೊಂಬೆಗೆ ನೇತು ಹಾಕಿದೆ. ಕೆಲಸ ಬಿಟ್ಟ ಮೇಲೆ ಅವನು ಒಬ್ಬನೇ ಅದಕ್ಕೆ ಹೊಡೆಯುತ್ತಿದ್ದ. ಮೆಲ್ಲ ಮೆಲ್ಲಗೆ ಸದ್ದು ಬದಲಾಯಿತು. ಬಟ್ಟೆಗೆ ಬಡಿದ ಸದ್ದು ಹೋಗಿ, ಒದ್ದೆ ಮಣ್ಣಿಗೆ ಗುದ್ದಲಿ ಬಿದ್ದ ಸದ್ದು ಬರತೊಡಗಿತು. ಆಗ ನನಗೆ ಸ್ವಲ್ಪ ಧೈರ್ಯ ಬಂತು.

ಆಟದ ದಿನ ಸಾಮಿಲ್ಲಿನ ಲಾರಿಯಲ್ಲೇ ಹೊರಟೆವು. ಹೊಸನಗರದಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ ಭಾವ ಇಳಿಯಲಿಲ್ಲ. ಅಣ್ಣನ ಕಡೆಯವರು ಯಾರಾದರೂ ಕಂಡಾರು ಎಂದಿರಬೇಕು. ನಾನು ಲೋಟ ತೆಗೆದುಕೊಂಡು ಹೋಗಿ ಮೇಲೆ ಕೊಟ್ಟೆ. ತೆಗೆದುಕೊಂಡ, ಎಡಗೈಯಲ್ಲಿ. ಲೋಟ ಬಿಸಿಯಿತ್ತು, ಬಿಡಲಿಲ್ಲ.

ತೀರ್ಥಹಳ್ಳಿಯಲ್ಲಿ ಹೊಳೆ ದಂಡೆಯ ಮೇಲಿನ ಮೈದಾನ. ಎದುರಿನವರು ಹೈಸ್ಕೂಲು ಮುಗಿಸಿದ ಹುಡುಗರು, ಇಸ್ತ್ರಿ ಮಾಡಿದ ಅಂಗಿ. ನಾವು ಲಾರಿಯಿಂದ ಧುಮುಕುವಾಗ ಒಬ್ಬ, "ಕೊಡಲಿ ಮರ್ತು ಬಂದ್ರಾ?" ಎಂದು ಕೇಳಿದ. ನಮ್ಮಲ್ಲೊಬ್ಬ, "ನಿಮ್ಮಂಥ ಗಿಡಕ್ಕೆ ಕತ್ತಿ ಸಾಕು ಅಂತ ಬಿಟ್ಟು ಬಂದ್ವಿ," ಎಂದ. ಸಾಹುಕಾರರು ಅಷ್ಟರಲ್ಲಿ ಬಂದು ಮರದಡಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಮ್ಮ ಮೇಷ್ಟ್ರು ಕಾಮಾಲೆಯಿಂದ ಎದ್ದು ಬಂದಿದ್ದರೂ ಕಣ್ಣು ಇನ್ನೂ ಹಳದಿ.

ಮೊದಲಿನಿಂದಲೂ ಆಟ ಅವರ ಕೈಯಲ್ಲೇ ಇತ್ತು, ಆದರೆ ದೂರ ಹೋಗಲು ನಾವು ಬಿಡಲಿಲ್ಲ. ಭಾವ ಮೊದಲ ಸಲ ಬ್ಯಾಟು ಹಿಡಿದಾಗ ಚೆಂಡು ಮೇಲಕ್ಕೆ ಹೋಗಿ ಕ್ಯಾಚಾಯಿತು. ಎರಡನೇ ಸಲ ಅಡ್ಡಾದಿಡ್ಡಿ ಚೆಂಡುಗಳನ್ನೆಲ್ಲ ಬಿಟ್ಟು, ಹೊಡೆಯದೆಯೇ ಮೊದಲನೇ ಮನೆಗೆ ಹೋದ; ಅಂಥ ನಾಲ್ಕು ಚೆಂಡು ಬಿಟ್ಟರೆ ಆ ಮನೆ ಪುಕ್ಕಟೆ. ಬ್ಯಾಟು ಜಾರಲಿಲ್ಲ. ಆದರೆ ಸಾಹುಕಾರರ ಮುಖದಲ್ಲಿ ಏನೂ ಕಾಣಲಿಲ್ಲ.

ಕಡೆಯ ಸುತ್ತಿನಲ್ಲಿ ನಾವು ಒಂದು ಓಟ ಹಿಂದೆ. ನಮ್ಮವನೊಬ್ಬ ಎರಡನೇ ಮನೆಯಲ್ಲಿ ನಿಂತಿದ್ದ. ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಬ್ಯಾಟು ಹಿಡಿಯುವ ಸರದಿ ಭಾವನದು.

ಮೊದಲ ಚೆಂಡು ಆಚೆ ಹೋಯಿತು, ಬಿಟ್ಟ. ಎರಡನೆಯದಕ್ಕೆ ಬೀಸಿ ತಪ್ಪಿದ. ಬೀಸಿದ ಬಿರುಸಿಗೆ ಎಡಗೈ ಕಳಚಿಕೊಂಡಿತು, ಬ್ಯಾಟು ಬಲಗೈಯಲ್ಲೇ ಸುತ್ತಿ ಬೆನ್ನಿಗೆ ಬಡಿಯಿತು. ನಾನು ಸಾಹುಕಾರರ ಕಡೆ ನೋಡಿದೆ. ಅವರು ಕುರ್ಚಿಯಿಂದ ಎದ್ದಿದ್ದರು. ಮೂರನೆಯದು ಎದೆಯ ಹತ್ತಿರ ಬಂತು, ಭಾವ ಹಿಂದೆ ಸರಿದ. ಚೆಂಡು ಹಲಗೆಯ ಮೇಲಿಂದಲೇ ಹೋಗಿತ್ತು, ಹೊಡೆಯದಿದ್ದರೂ ತಪ್ಪಿದಂತೆ ಲೆಕ್ಕ. ಇನ್ನೊಂದು ತಪ್ಪಿದರೆ ಔಟು. ನನ್ನ ಬಾಯಿಗೆ ಹತ್ತು ಮಾತು ಬಂದವು: ಕಾಲು, ಸೊಂಟ, ಕಣ್ಣು. ಒಂದನ್ನೂ ಆಡಲಿಲ್ಲ. ಆ ಹೊತ್ತಿಗೆ ಕಲಿಸುವವನ ಮಾತು ಕಿವಿಗೆ ಸೊಳ್ಳೆಯ ಹಾಗೆ. ಭಾವ ಬಲಗೈಯನ್ನು ಪಂಚೆಗೆ ಒರೆಸಿಕೊಂಡು ಮತ್ತೆ ನಿಂತ.

ನಾಲ್ಕನೆಯ ಚೆಂಡಿಗೆ ಸೊಂಟ ಮೊದಲು ತಿರುಗಿತು. ಅದೇ ಸದ್ದು, ಒದ್ದೆ ಮಣ್ಣಿಗೆ ಗುದ್ದಲಿ ಬಿದ್ದದ್ದು. ಚೆಂಡು ನೆಲಕ್ಕೆ ತಾಗಿಕೊಂಡೇ ಮೂರನೇ ಮನೆಯ ಕಡೆ ಸಿಡಿಯಿತು. ಅಲ್ಲಿದ್ದ ಹುಡುಗ ಮೈ ಅಡ್ಡ ಹಾಕಿದ, ಚೆಂಡು ಅವನ ಎದೆಗೆ ಬಡಿದು ದೂರ ಬಿತ್ತು. ಓಡಿದರೆ ಸಾಕಿತ್ತು. ಎರಡನೇ ಮನೆಯವನು ಆಗಲೇ ಓಡುತ್ತಿದ್ದ.

ಭಾವ ಓಡಲಿಲ್ಲ. ಬ್ಯಾಟನ್ನು ಬಿಸಾಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಬಗ್ಗಿ, ಹಲಗೆಯ ಮೇಲೆ ಅಡ್ಡ ಇಟ್ಟ. ಮೆಲ್ಲಗೆ, ನಿದ್ದೆ ಮಾಡುವ ಮಗುವನ್ನು ಇಳಿಸಿದ ಹಾಗೆ. ಇಟ್ಟು, ಆಮೇಲೆ ಓಡಿದ. ಅವನು ಮೊದಲನೇ ಮನೆಗೆ ಎರಡು ಹೆಜ್ಜೆ ದೂರ ಇರುವಾಗಲೇ ಚೆಂಡು ಅಲ್ಲಿಗೆ ತಲುಪಿತು. ಆಟ ಮುಗಿಯಿತು.

ನಮ್ಮವರು ಅವನನ್ನು ಮುತ್ತಿಕೊಂಡು ಬೈದರು. ಚಿನ್ನಿದಾಂಡು ಆಡಲು ಇಷ್ಟು ದೂರ ಬರಬೇಕಿತ್ತೇ ಎಂದ ಒಬ್ಬ. ಹಳೆಯ ಚಟ ಎಂದು ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿದು ಸಿಟ್ಟಿನಿಂದ ಹೋಗಿದ್ದೆ. ಭಾವ ಏದುಸಿರು ಬಿಡುತ್ತ ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದ.

"ಬಿಸಾಡಿದ್ರೆ ಜಾರ್ತು ಅಂತಿದ್ರು ಮಾರಾಯ."

ಒಂದು ಸಲ ಜಾರಿದರೂ ಎಂದು ಮಾತು ಕೊಟ್ಟವನು ನಾನೇ. ಅಷ್ಟು ದೂರದ ಮರದಡಿಯಿಂದ ನೋಡುವವರಿಗೆ ಬಿಸಾಡಿದ್ದು ಯಾವುದು, ಜಾರಿದ್ದು ಯಾವುದು?

ಸಾಹುಕಾರರು ನಡೆದು ಬಂದರು. ಹಲಗೆಯ ಮೇಲೆ ಇನ್ನೂ ಅಡ್ಡ ಬಿದ್ದಿದ್ದ ಬ್ಯಾಟನ್ನು ದಾಟಿಕೊಂಡು ಬಂದು ಭಾವನ ಮುಂದೆ ನಿಂತರು. ಸೋತದ್ದರ ಬಗ್ಗೆ ಅವರಿಗೆ ಏನೂ ಇರಲಿಲ್ಲ.

"ಜಾರ್ಲಿಲ್ಲ. ಒಪ್ಪಿದೆ," ಎಂದರು. "ಆದ್ರೆ ಅವತ್ತು ನೀನು ಈ ಪಕ್ಕ ನಿಂತಿದ್ದೆ. ಇವತ್ತು ಆ ಪಕ್ಕ. ಭಾರ ಎಲ್ಲ ಬಲಗೈಗೆ ಹಾಕ್ಕೊಂಡಿ. ಗರಗಸದ ಹತ್ರ ಪಕ್ಕ ಬದಲಾಗೂದಿಲ್ಲಲ್ಲ."

ಇಷ್ಟು ನೋಡಿದ್ದರು. ಆಟದ ತಲೆಬುಡ ಗೊತ್ತಿಲ್ಲದ ಮನುಷ್ಯ, ಕೈಯನ್ನು ಮಾತ್ರ ನೋಡುತ್ತ ಕೂತಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಗರಗಸದಿಂದ ಹಲಗೆ ಹೊರಬರುವಾಗ ಇಬ್ಬರು ಎರಡು ಪಕ್ಕ ನಿಂತು ಹಿಡಿಯುತ್ತೇವೆ. ಗರಗಸಕ್ಕೆ ಮುಖ ಮಾಡಿದರೆ ಬಲಗಡೆ ನಿಂತವನ ಎಡಗೈ ಹಲಗೆಯ ಅಡಿಗೆ ಹೋಗುತ್ತದೆ, ಎಡಗಡೆ ನಿಂತವನ ಬಲಗೈ. ಅಡಿಗೆ ಹೋದ ಕೈಗೇ ಭಾರ. ಅದು ಸೋತರೆ ಹಲಗೆ ಗರಗಸದ ಕಡೆಗೆ ಮಗುಚುತ್ತದೆ, ಎದುರಿನವನನ್ನೂ ಎಳೆದುಕೊಂಡು. ಭಾವನ ಜಾಗ ಬಲಗಡೆ.

ಭಾವ ತಲೆ ತಗ್ಗಿಸಿದ. ಅವನಿಗೂ ಆ ಲೆಕ್ಕ ಗೊತ್ತಿತ್ತು. ಕೇಳಬೇಕಾದದ್ದೂ ಗೊತ್ತಿತ್ತು. ಕೇಳಲಿಲ್ಲ, ಯಾಕೆಂದರೆ ಎಡಗಡೆಯ ಜಾಗ ನನ್ನದು. ಸಾಮಿಲ್ಲಿಗೆ ಸೇರಿದಾಗಿನಿಂದ ನಾನು ನಿಂತ ಜಾಗ. ಮುಳುಗಡೆಯ ಕಾಡಿನ ದಿಮ್ಮಿಗಳು ಹಗಲೂ ರಾತ್ರಿ ಬಂದ ಕಾಲದಲ್ಲೂ ನನ್ನ ಕೈಯಿಂದ ಒಂದು ಹಲಗೆ ನೆಲಕ್ಕೆ ಬಿದ್ದಿಲ್ಲ ಎಂದು ಹೇಳಿಕೊಂಡು ತಿರುಗಿದವನು ನಾನು. ನನ್ನ ಎಡಗೈ ಬಲಗೈಯಷ್ಟು ಗಟ್ಟಿಯಲ್ಲ. ಅದು ನನಗೊಬ್ಬನಿಗೇ ಗೊತ್ತಿದ್ದ ವಿಷಯ.

ಮೇಷ್ಟ್ರು ಏನೋ ಹೇಳಲು ಹತ್ತಿರ ಬಂದ. ಲಾರಿಯ ಡ್ರೈವರು ಹೊತ್ತಾಯಿತು ಎಂದು ಹಾರನ್ ಹೊಡೆದ. ಸಾಹುಕಾರರು ಹೊರಡಲು ತಿರುಗಿದರು.

"ಬದಲಾಗ್ತದೆ," ಎಂದೆ. "ನಾನು ಬಲಗಡೆ ನಿಲ್ತೇನೆ. ನನ್ನ ಜಾಗಕ್ಕೆ ಭಾವ ಬರ್ಲಿ."

ಸಾಹುಕಾರರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನಿನಗಾಗ್ತದಾ?"

ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, "ಆಗ್ತದೆ," ಎಂದೆ. ಭಾವ ನನ್ನ ಮುಖವನ್ನೇ ನೋಡುತ್ತಿದ್ದ.

ಸೋಮವಾರ ಮೊದಲು ಏರಿಸಿದ್ದೇ ಮತ್ತಿಯ ದಿಮ್ಮಿ. ಸಾಹುಕಾರರು ಹೇಳಿ ಮಾಡಿಸಿದ್ದೋ ಏನೋ, ಕೇಳಲು ಹೋಗಲಿಲ್ಲ. ಅವರು ಬಂದು ಕಂಬಕ್ಕೆ ಒರಗಿ ನಿಂತರು. ಗರಗಸ ಕೂಗಲು ಶುರುವಾಯಿತು. ಹಲಗೆಯ ಮೂತಿ ಹೊರಬಂದಾಗ ಭಾವ ಎಡಗಡೆಯಿಂದ ಬಲಗೈಯನ್ನು ಅಡಿಗೆ ಕೊಟ್ಟ, ಮೂರು ಬೆರಳಿನ ಕೈಯನ್ನು ಮೇಲಿಟ್ಟ. ಅವನ ಕೈ ಅಲ್ಲೇ ಹುಟ್ಟಿದ ಹಾಗೆ ಕೂತಿತು. ನಾನು ನನ್ನ ಎಡಗೈಯನ್ನು ಅಡಿಗೆ ಕೊಟ್ಟೆ. ಭಾರ ಮಣಿಕಟ್ಟಿಗೆ ಇಳಿದು, ಮೊಣಕೈಗೆ ಬಂದು, ಹೆಗಲಿಗೆ ಏರಿತು. ಹಲಗೆ ಉದ್ದವಾಗುತ್ತ ಹೋದ ಹಾಗೆ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದುಕೊಂಡೆ. ಕಣ್ಣೆತ್ತಿದರೆ ಸಾಹುಕಾರರು ಭಾವನ ಕೈಯನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದರು.

ಹಲಗೆ ಪೂರ್ತಿ ಹೊರಬಂತು. ಇಬ್ಬರೂ ಹೊತ್ತು ಅಟ್ಟಿಯ ಮೇಲೆ ಇಟ್ಟೆವು. ಗರಗಸದ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಆದ್ದರಿಂದ ಭಾವ ಏನಾದರೂ ಅಂದನೋ ಇಲ್ಲವೋ ನನಗೆ ತಿಳಿಯದು. ಪೊರಕೆ ಕಂಬದ ಬುಡದಲ್ಲಿತ್ತು. ಸಾಹುಕಾರರು ಅದನ್ನು ಕಾಲಿನಿಂದ ಮೂಲೆಗೆ ಸರಿಸಿ, ಆಫೀಸಿನ ಒಳಗೆ ಹೋದರು. ನಾನು ಎಡಗೈಯನ್ನು ಒಮ್ಮೆ ಕೊಡವಿಕೊಂಡೆ. ಮುಂದಿನ ಹಲಗೆ ಬರುತ್ತಿತ್ತು.